ಇಂಗ್ಲೆಂಡಿನ ಹಳೇ ಕಾರು ಜರ್ಮನಿಗೆ ಹೋದರೆ ಕಣ್ಣು ಯಾಕೆ ಬದಲಾಯಿಸಬೇಕು?

[ಮೇಜಿನ ಮೇಲೆ ಎರಡು ಹೆಡ್‌ಲೈಟ್, ಪಕ್ಕಪಕ್ಕ]

ನಮಸ್ಕಾರ. ಈ ಎರಡು ಹೆಡ್‌ಲೈಟ್ ನೋಡಿ. ಎರಡೂ ದುಂಡಗಿವೆ. ಎರಡೂ ಏಳು ಇಂಚು. ಎರಡೂ ಒಂದೇ ಕಾರಿಗೆ ಸರಿಯಾಗಿ ಕೂರುತ್ತವೆ. ಆದರೆ ಒಂದನ್ನು ಹಾಕಿದರೆ ಕಾರು ಜರ್ಮನಿಯಲ್ಲಿ ಪಾಸು, ಇನ್ನೊಂದನ್ನು ಹಾಕಿದರೆ ಫೇಲು. ಏನು ವ್ಯತ್ಯಾಸ? ಸುಮ್ನೆ ಎರಡು ಸೆಕೆಂಡ್ ಹುಡುಕಿ. ಸಿಗಲಿಲ್ವಾ? ನನಗೂ ಮೊದಲ ಸಲ ಸಿಗಲಿಲ್ಲ.

ಈ ಪ್ರಶ್ನೆ ಕಳಿಸಿದವರು ನಮ್ಮ ಚಾನೆಲ್‌ನ ಹಳೇ ವೀಕ್ಷಕರು. ಮೈಸೂರಿನವರು, ಈಗ ಜರ್ಮನಿಯಲ್ಲಿ ಕೆಲಸ. ಇಂಗ್ಲೆಂಡಿನಿಂದ 1971ರ ಎಂಜಿಬಿ ಕಾರೊಂದನ್ನು ತರಿಸಿಕೊಂಡರು. ಅಲ್ಲಿ ಮೂವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಚೆನ್ನಾಗಿ ಉಳಿದ ಕಾರಿಗೆ ‘ಎಚ್’ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಆ ಆಸೆಯಲ್ಲಿ ತಪಾಸಣೆಗೆ ಹೋದರು. ಎಂಜಿನ್ ಸರಿ, ಬ್ರೇಕ್ ಸರಿ. ಹೆಡ್‌ಲೈಟ್ ಹಾಕಿ ನೋಡಿದವರು ಮಾತ್ರ ತಲೆ ಅಲ್ಲಾಡಿಸಿದರಂತೆ.

ಕಾರಣ ಸರಳ. ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಎಡಕ್ಕೆ ಓಡಿಸುತ್ತಾರೆ, ಜರ್ಮನಿಯಲ್ಲಿ ಬಲಕ್ಕೆ. ಹೆಡ್‌ಲೈಟಿಗೆ ಎಡ, ಬಲ ಏನು ಅಂತೀರಾ? ಹೈ ಬೀಮ್‌ಗೆ ಏನೂ ಇಲ್ಲ. ಡಿಮ್‌ಗೆ ಇದೆ.

[ಗ್ಯಾರೇಜ್ ಗೋಡೆ, ಡಿಮ್ ಲೈಟ್]

ರಾತ್ರಿ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ನೋಡಿ. ಬಲಗಡೆ ನೇರ ಗೆರೆ. ಎಡಗಡೆ ಗೆರೆ ಮೇಲಕ್ಕೆ ಎದ್ದಿದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಕಿ ಸ್ಟಿಕ್ಕನ್ನು ಅಡ್ಡ ಮಲಗಿಸಿದ ಹಾಗೆ. ನಮ್ಮಲ್ಲಿ ಎದುರಿನ ಗಾಡಿ ಬರುವುದು ಬಲಗಡೆಯಿಂದ. ಅವರ ಕಣ್ಣಿಗೆ ಹೊಡೆಯಬಾರದು, ಅದಕ್ಕೆ ಆ ಕಡೆ ಬೆಳಕು ತಲೆ ತಗ್ಗಿಸಿದೆ. ಎಡಗಡೆ ರಸ್ತೆಯಂಚಿನಲ್ಲಿ ನಡೆಯುವವರು, ಸೈಕಲ್, ಎಮ್ಮೆ ಎಲ್ಲ ಕಾಣಬೇಕು, ಅದಕ್ಕೆ ಆ ಕಡೆ ಎದ್ದಿದೆ. ಸುಮಾರು 15 ಡಿಗ್ರಿ. ಇದೇ ಕಾರನ್ನು ಜರ್ಮನಿಗೆ ಒಯ್ದರೆ, ಮೇಲೆದ್ದ ಬೆಳಕು ನೇರ ಎದುರಿನವರ ಮುಖಕ್ಕೆ!

ಈಗ ಮೊದಲಿನ ಒಗಟಿಗೆ ಬನ್ನಿ. ಕ್ಯಾಮೆರಾ ಹತ್ತಿರ ತರ್ತೀನಿ.

[ಗಾಜಿನ ಕೆಳಭಾಗ, ತೀರಾ ಹತ್ತಿರದಿಂದ]

ಗಾಜಿನ ಮೇಲೆ ಒಂದು ವೃತ್ತ, ಅದರೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಯಾವ ದೇಶ ಒಪ್ಪಿಗೆ ಕೊಟ್ಟಿತು ಅನ್ನುವ ಗುರುತು ಅದು. 1 ಅಂದರೆ ಜರ್ಮನಿ, 2 ಫ್ರಾನ್ಸ್, 11 ಬ್ರಿಟನ್. ಅದರ ಕೆಳಗೆ ನೋಡಿ, ಒಂದು ಪುಟ್ಟ ಬಾಣ. ಅಕ್ಕಿಕಾಳಿನಷ್ಟೂ ಇಲ್ಲ. ಲೈಟಿಗೆ ಮುಖ ಮಾಡಿ ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ಎಡ ಸಂಚಾರದ ಲೈಟು. ಬಾಣವೇ ಇಲ್ಲದಿದ್ದರೆ ಬಲ ಸಂಚಾರದ್ದು. ಎರಡೂ ಕಡೆ ಬಾಣ ಇದ್ದರೆ ಎರಡಕ್ಕೂ ನಡೆಯುತ್ತದೆ. ಇಷ್ಟು ದೊಡ್ಡ ಗಾಜಿನಲ್ಲಿ ಇಷ್ಟು ಚಿಕ್ಕ ಬಾಣ, ಅದರ ಮೇಲೆ ಕಾರಿನ ಹಣೆಬರಹ.

ಇಲ್ಲೊಂದು ತಮಾಷೆ ಆಯಿತು. ನಮ್ಮ ವೀಕ್ಷಕರ ಅಪ್ಪನಿಗೆ ವಿಷಯ ಗೊತ್ತಾಗಿದ್ದೇ ತಡ, “ಏಳಿಂಚಿನ ಡೂಮ್ ತಾನೆ? ನಮ್ಮ ಅಂಬಾಸಿಡರ್‌ದೂ ಅದೇ ಸೈಜು. ಬೆಂಗಳೂರಿಗೆ ಹೋಗಿ ಜೆ.ಸಿ. ರೋಡಲ್ಲಿ ಎರಡು ತಗೊಂಡು ಕಳಿಸ್ತೀನಿ ಬಿಡೋ” ಅಂದರಂತೆ. ಅಳತೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅಂಬಾಸಿಡರ್, ಬುಲೆಟ್, ಜಿಪ್ಸಿ, ಎಲ್ಲದರದ್ದೂ ಏಳಿಂಚೇ. ಆದರೆ ಜೆ.ಸಿ. ರೋಡಲ್ಲಿ ಸಿಗುವ ಲೈಟೂ ನಮ್ಮ ರಸ್ತೆಗೆ ಮಾಡಿದ್ದು, ಅದೂ ಎಡಕ್ಕೇ ಎದ್ದಿರುತ್ತದೆ. ಕಳಿಸಿದ್ದರೆ ಪಾರ್ಸೆಲ್ ಖರ್ಚು ದಂಡ, ಕಾರು ಮತ್ತೆ ಫೇಲು.

ಸರಿ, ಈಗ ಈ ವಿಡಿಯೋ ಮಾಡಲು ನಿಜವಾದ ಕಾರಣಕ್ಕೆ ಬರ್ತೀನಿ. ಒಂದು ಕಾರಿಗೆ ಇಷ್ಟು ತಲೆನೋವಾದರೆ, ಒಂದು ಇಡೀ ದೇಶ ಒಂದೇ ಬೆಳಗ್ಗೆ ಎಡದಿಂದ ಬಲಕ್ಕೆ ಬದಲಾದರೆ?

[ಸ್ವೀಡನ್ ನಕ್ಷೆ]

1967, ಸೆಪ್ಟೆಂಬರ್ 3, ಭಾನುವಾರ. ಸ್ವೀಡನ್. ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಲ್ಲಬೇಕು. ನಿಧಾನಕ್ಕೆ ಬಲಗಡೆಗೆ ಸರಿಯಬೇಕು. ಮತ್ತೆ ನಿಲ್ಲಬೇಕು. 5 ಗಂಟೆಗೆ ಹೊರಡಬೇಕು, ಹೊಸ ಕಡೆಯಲ್ಲಿ. ಅಷ್ಟೇ, ದೇಶ ಬದಲಾಯಿತು. ಜನಕ್ಕೆ ಇದು ಬೇಕಿತ್ತಾ? ಇಲ್ಲ. 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ 83 ಮಂದಿ ಬೇಡ ಅಂದಿದ್ದರು. ಸರಕಾರ ಆದರೂ ಮಾಡಿತು. (ಇದನ್ನು ನಮ್ಮ ಸಿಲ್ಕ್ ಬೋರ್ಡ್‌ನಲ್ಲಿ ಮಾಡಿದರೆ ಏನಾಗಬಹುದು ಅಂತ ಕೇಳಬೇಡಿ. ನಾವು ಈಗಾಗಲೇ ಎರಡೂ ಕಡೆ ಓಡಿಸುತ್ತೇವೆ.)

ನನಗೆ ಇಷ್ಟವಾಗಿದ್ದು ಹೆಡ್‌ಲೈಟಿನ ಕಥೆ. ಅಷ್ಟೂ ಗಾಡಿಗಳ ಲೈಟು ಬದಲಾಗಬೇಕು, ಆದರೆ ಒಂದೇ ರಾತ್ರಿಯಲ್ಲಿ ಯಾವ ಮೆಕ್ಯಾನಿಕ್ ಮಾಡ್ತಾನೆ? ಅದಕ್ಕೆ ಮೊದಲೇ ಬಲ ಸಂಚಾರದ ಲೈಟು ಹಾಕಿಸಿಕೊಳ್ಳಿ ಅಂದರು. ಆದರೆ ಅಲ್ಲಿಯವರೆಗೆ ಎಡಕ್ಕೇ ಓಡಿಸಬೇಕಲ್ಲ, ಎದುರಿನವರ ಕಣ್ಣಿನ ಗತಿ? ಮೇಲೆದ್ದ ಬೆಳಕು ಬರುವ ಜಾಗಕ್ಕೆ ಮಾತ್ರ ಬೆಳಕು ದಾಟದ ಒಂದು ಸ್ಟಿಕ್ಕರ್ ಅಂಟಿಸಿದರು. ಅದರ ಮೇಲೆ ಎಚ್ಚರಿಕೆ: 1967ರ ಸೆಪ್ಟೆಂಬರ್ 3ಕ್ಕೆ ಮುಂಚೆ ಕೀಳಬಾರದು. ಆ ದಿನ ಬಂದಾಗ ಕಿತ್ತರೆ ಸಾಕು. ಮದುಮಗಳ ಮುಂದಿನ ಅಂತರಪಟ ಮುಹೂರ್ತಕ್ಕೆ ಸರಿಯುತ್ತಲ್ಲ, ಹಾಗೆ.

ಇದರಲ್ಲಿ ಇನ್ನೂ ಒಂದು ಲೆಕ್ಕಾಚಾರವಿತ್ತು. ಆಗ ಸ್ವೀಡನ್ನಿನ ಹೆಚ್ಚಿನ ಕಾರುಗಳಿಗೆ ಇದ್ದದ್ದು ಇದೇ ಥರ ಒಂದೇ ಅಳತೆಯ, ಅಗ್ಗದ ದುಂಡು ಲೈಟು. ಯುರೋಪಿನ ಬೇರೆ ಕಡೆ ಮಾತ್ರ ಒಂದೊಂದು ಮಾಡೆಲ್‌ಗೂ ಒಂದೊಂದು ಆಕಾರದ ಲೈಟು ಶುರುವಾಗಿತ್ತು. ಇನ್ನೂ ತಡ ಮಾಡಿದರೆ ಜನರ ಜೇಬಿಗೆ ದೊಡ್ಡ ಕತ್ತರಿ. ಜನ ಬೇಡ ಅಂದರೂ ಆಗಲೇ ಮಾಡಿ ಮುಗಿಸಿದ್ದಕ್ಕೆ ಇದೂ ಒಂದು ಕಾರಣ.

ಅದಕ್ಕೇ ನಾನು ಹೇಳುವುದು, ಈ ವಿಷಯದಲ್ಲಿ ಹಳೇ ಕಾರೇ ವಾಸಿ. ಇವತ್ತಿನ ಕಾರಿನ ಹೆಡ್‌ಲೈಟ್ ಒಡೆದರೆ ಬಿಲ್ ನೋಡಿ ನೀರು ಕುಡಿಯಬೇಕು. ಐವತ್ತು ವರ್ಷದ ಕಾರಿಗೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಗಾಜು ಕೂರಿಸಿದರೆ ಆಯಿತು. ಈ ಏಳಿಂಚಿನ ಅಳತೆ ಗಟ್ಟಿಯಾಗಿದ್ದು ಅಮೆರಿಕದಲ್ಲಿ. ಅಲ್ಲಿ 1940ರ ಮಾಡೆಲ್‌ಗಳಿಂದ ಸೀಲ್ಡ್ ಬೀಮ್ ಬಂತು: ಗಾಜು, ಕನ್ನಡಿ, ತಂತಿ ಎಲ್ಲ ಒಂದೇ ಮುಚ್ಚಿದ ಬುರುಡೆ. ಸುಟ್ಟರೆ ಇಡೀ ಬುರುಡೆ ಎಸೆದು ಹೊಸದು. ಅವರ ಕಾನೂನೂ ಬಿಗಿ. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರಿನ ಲೈಟ್ ಮೇಲಿದ್ದ ಚೆಂದದ ಗಾಜಿನ ಮುಸುಕು 1967ರಲ್ಲಿ ಹೋಗಿದ್ದು ಅಲ್ಲಿನ ನಿಯಮಕ್ಕಾಗಿ. ನನ್ನ ಕೇಳಿದರೆ, ಕಾರಿನ ಅರ್ಧ ಕಳೆ ಅಲ್ಲೇ ಹೋಯಿತು.

ಹೊರಗೆ ಎಡಿಟರ್ ವಾಚ್ ತೋರಿಸ್ತಾ ಇದ್ದಾನೆ. ಇನ್ನು ಬೇಗ ಬೇಗ.

ನಮ್ಮ ವೀಕ್ಷಕರು ಹಾಕಿದ್ದು ಬಾಣ ಇಲ್ಲದ ಏಳಿಂಚಿನ ಲೈಟು, ಒಳಗೆ ಎಚ್4 ಬಲ್ಬ್. ಹೈ ಬೀಮ್‌ಗೆ 60 ವಾಟ್, ಡಿಮ್‌ಗೆ 55. ಹಳೇ ಸೀಲ್ಡ್ ಬೀಮ್‌ನ ಮೂರು ಪಿನ್ನಿನ ಪ್ಲಗ್ಗೇ ಇದಕ್ಕೂ ಕೂರುತ್ತದೆ. ಬಿಚ್ಚುವಾಗ ಒಂದು ಎಚ್ಚರ: ರಿಂಗ್ ಹಿಡಿದಿರುವ ಸ್ಕ್ರೂ ಬೇರೆ, ಬೆಳಕಿನ ದಿಕ್ಕು ಹೊಂದಿಸುವ ಸ್ಕ್ರೂ ಬೇರೆ. ತಪ್ಪಿದ್ದನ್ನು ತಿರುಗಿಸಿದಿರೋ, ಬೆಳಕು ತೆಂಗಿನಮರ ಹತ್ತುತ್ತದೆ.

ವೈರಿಂಗ್ ಹಳತಾದರೆ ರಿಲೇ ಹಾಕಿಸಿ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಡಬ್ಬಿ. ಎರಡು 55 ವಾಟ್ ಅಂದರೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಹತ್ತಿರ. ಅಷ್ಟೂ ಡ್ಯಾಶ್‌ಬೋರ್ಡಿನ ಮುದಿ ಸ್ವಿಚ್ಚಿನ ಮೂಲಕ ಹರಿಯುವುದು ಬೇಡ. ದಾರಿಯಲ್ಲಿ ವೋಲ್ಟೇಜು ನೂರಕ್ಕೆ ಹತ್ತು ಕಮ್ಮಿಯಾದರೆ ಬೆಳಕು ಹೆಚ್ಚುಕಮ್ಮಿ ಮೂವತ್ತು ಭಾಗ ಕಮ್ಮಿ. ಜಾಸ್ತಿ ವಾಟಿನ ಬಲ್ಬ್ ಇದಕ್ಕೆ ಮದ್ದಲ್ಲ. ಹಳೇ ಲೈಟಿಗೆ ಎಲ್ಇಡಿ ಬಲ್ಬ್ ತುರುಕುವುದೂ ಬೇಡ. ಒಳಗಿನ ಕನ್ನಡಿಯ ಆಕಾರ ಬಲ್ಬಿನೊಳಗೆ ಉರಿಯುವ ತಂತಿ ಇರುವ ಜಾಗದ ಲೆಕ್ಕದಲ್ಲಿ ಮಾಡಿದ್ದು. ಬೆಳಕು ಹುಟ್ಟುವ ಜಾಗ ಸ್ವಲ್ಪ ಸರಿದರೂ ಹಾಕಿ ಸ್ಟಿಕ್ ಕಲಸುಮೇಲೋಗರ. ಕೊನೆಗೆ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ, ನೇರ ಗೆರೆ ಲೈಟಿನ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬರುವ ಹಾಗೆ ಹೊಂದಿಸಿ.

ಫ್ರಾನ್ಸಿನ ಹಳದಿ ಹೆಡ್‌ಲೈಟ್ ಬಗ್ಗೆ ಕೇಳಿದವರು ಬಹಳ ಜನ. ಹೌದು, 1993ರವರೆಗೆ ಅಲ್ಲಿ ಹಳದಿ ಕಡ್ಡಾಯವಿತ್ತು. ನಮ್ಮ ಲಾರಿಗಳ ಹೆಡ್‌ಲೈಟ್ ಮಧ್ಯದ ಕಪ್ಪು ಬೊಟ್ಟಿನ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಬೇರೆಯೇ ವಿಡಿಯೋ ಬೇಕು.

ಎಂಜಿಬಿ ಎರಡನೇ ಸಲ ಪಾಸಾಯಿತು. ಬಿಚ್ಚಿದ ಎರಡು ಇಂಗ್ಲಿಷ್ ಲೈಟು ಶೆಡ್ಡಿನಲ್ಲಿ ಸುಮ್ನೆ ಬಿದ್ದಿದ್ದವು. ರಜೆಗೆ ಊರಿಗೆ ಬರುವಾಗ ಅವನ್ನು ಸ್ವೆಟರ್‌ನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದರಂತೆ.

[ಫೋಟೋ: ಮೈಸೂರಿನ ಮನೆಯಂಗಳ, ಬಿಳಿ ಅಂಬಾಸಿಡರ್, ಹೆಡ್‌ಲೈಟ್ ಉರಿಯುತ್ತಿದೆ]

ಅಪ್ಪ ಅರ್ಧ ಗಂಟೆಯಲ್ಲಿ ಕೂರಿಸಿದರು. ಎಡಕ್ಕೇ ಎದ್ದಿದೆ, ನೋಡಿ.