ಫೀಡ್ ನಿಲ್ಲಿಸೋಕೆ ಎಲ್ಲರೂ ಇದ್ದಾರೆ, ಶುರು ಮಾಡೋಕೆ ಯಾರು?

ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗೆ ಮೂಗಿನ ಪೈಪಿನಲ್ಲಿ ಊಟ, ಅಂದರೆ ಫೀಡ್, ಕೊಡುತ್ತಾರಲ್ಲ, ಅದರ ಬಗ್ಗೆ ನನಗೊಂದು ತಕರಾರಿದೆ. ಯಾವ ಪೈಪು ಒಳ್ಳೇದು, ಯಾವ ಫಾರ್ಮುಲಾ ಒಳ್ಳೇದು, ಎಷ್ಟು ಕ್ಯಾಲೊರಿ ಬೇಕು ಅಂತ ನಾವು, ಅಂದರೆ ಈ ಕೆಲಸದಲ್ಲಿರುವವರು, ಗಂಟೆಗಟ್ಟಲೆ ಮಾತಾಡುತ್ತೇವೆ. ಬರೆದಿಟ್ಟ ಫೀಡ್ ನಿಜಕ್ಕೂ ಹೊಟ್ಟೆಗೆ ಹೋಯಿತಾ ಅಂತ ಸಂಜೆ ಕೂತು ಲೆಕ್ಕ ಹಾಕುವವರು ಮಾತ್ರ ಕಡಿಮೆ.

ಫೀಡ್ ಚಾರ್ಟ್ ಹೇಗಿರುತ್ತೆ ಹೇಳುತ್ತೇನೆ, ಕೇಳಿ. ಎಡಗಡೆ ಗಂಟೆ, ಬಲಗಡೆ ಮಿಲಿಲೀಟರ್. ಆರ್ಡರ್ ಗಂಟೆಗೆ 60. ಬೆಳಿಗ್ಗೆ ಆರಕ್ಕೆ 60, ಏಳಕ್ಕೆ 60. ಎಂಟಕ್ಕೆ ಸೊನ್ನೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಸಿಟಿ ಸ್ಕ್ಯಾನ್'. ಒಂಬತ್ತಕ್ಕೆ ಸೊನ್ನೆ. ಹತ್ತಕ್ಕೆ ಸೊನ್ನೆ. ಹನ್ನೊಂದರ ಹೊತ್ತಿಗೆ ಸ್ಕ್ಯಾನ್ ಮುಗಿಸಿ ರೋಗಿ ಬೆಡ್‌ಗೆ ವಾಪಸ್ ಬಂದಾಗಿದೆ. ಸಾಲು ಮಾತ್ರ ಮಧ್ಯಾಹ್ನ ಮೂರರ ತನಕ ಸೊನ್ನೆ, ಸೊನ್ನೆ, ಸೊನ್ನೆ. ನಾಲ್ಕಕ್ಕೆ ಮತ್ತೆ 60. ಒಟ್ಟು ಎಂಟು ಗಂಟೆ, 480 ಮಿಲಿಲೀಟರ್ ತಪ್ಪಿತು. ನಾಳೆ ವೆಂಟಿಲೇಟರ್ ಟ್ಯೂಬ್ ತೆಗೆಯುವ ಯೋಚನೆ ಇದೆ ಅಂತ ರಾತ್ರಿ ಹನ್ನೆರಡಕ್ಕೆ ಮತ್ತೆ ಸೊನ್ನೆ. ನಾಳೆ ಆ ಯೋಚನೆ ಮುಂದಕ್ಕೆ ಹೋಗುತ್ತೆ. ಫೀಡ್ ಶುರು ಮಾಡಬೇಕು ಅನ್ನೋದು ಯಾರಿಗೂ ಹೊಳೆಯೋದಿಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ. ನರ್ಸ್ ಕೈಯಲ್ಲಿ ಹತ್ತು ಕೆಲಸ ಇರುತ್ತೆ. ಬಿಪಿ ಏರಿಸುವ ಔಷಧಿ ಒಂದು ನಿಮಿಷ ನಿಂತರೆ ಮಾನಿಟರ್ ಕಿರುಚುತ್ತೆ. ಫೀಡ್ ಎಂಟು ಗಂಟೆ ನಿಂತರೂ ಯಾವ ಅಲಾರಂ ಹೊಡೆಯೋದಿಲ್ಲ. ಆರ್ಡರ್ ಮಾಡಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ರೋಗಿಗೆ ಸಿಗುವ ಐಸಿಯುಗಳು ಪ್ರಪಂಚದ ಎಲ್ಲ ಕಡೆ ಇವೆ.

ಈಗ ಓದಿಕೊಂಡವರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಕಡಿಮೆ ಕೊಟ್ಟರೆ ಏನಾಗುತ್ತೆ ಮಹರಾಯ, ಟ್ರಯಲ್‌ಗಳು ಬಂದಿವೆಯಲ್ಲ ಅಂತ. ಬಂದಿವೆ, ನಿಜ. 2012ರ ಈಡನ್ ಟ್ರಯಲ್‌ನಲ್ಲಿ 1000 ರೋಗಿಗಳಿದ್ದರು. ಅರ್ಧ ಜನಕ್ಕೆ ಮೊದಲ ಆರು ದಿನ ಚೂರೇ ಚೂರು ಫೀಡ್, ಉಳಿದವರಿಗೆ ಪೂರ್ತಿ. ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಬರಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಟಾರ್ಗೆಟ್ ಟ್ರಯಲ್ ಆಯಿತು, ಸುಮಾರು 4000 ರೋಗಿಗಳು. ಗಟ್ಟಿ ಫೀಡ್ ಕೊಟ್ಟು ಕ್ಯಾಲೊರಿ ಏರಿಸಿ ನೋಡಿದರು. 90 ದಿನದಲ್ಲಿ ಬದುಕುಳಿದವರ ಲೆಕ್ಕ ಬದಲಾಗಲಿಲ್ಲ. 2023ರಲ್ಲಿ ಫ್ರಾನ್ಸ್‌ನ ನ್ಯೂಟ್ರಿರಿಯಾ-3 ಇನ್ನೂ ಮುಂದೆ ಹೋಯಿತು. ಬಿಪಿಗೆ ಔಷಧಿ ಬೇಕಾದಷ್ಟು ಕಾಯಿಲೆ ಬಿದ್ದವರಿಗೆ ಮೊದಲ ವಾರ ಕೆಜಿಗೆ ಬರೀ 6 ಕ್ಯಾಲೊರಿ ಕೊಟ್ಟು, 25 ಕೊಟ್ಟವರ ಜೊತೆ ಹೋಲಿಸಿದರು. ಸಾವಿನಲ್ಲಿ ವ್ಯತ್ಯಾಸ ಇಲ್ಲ. ಕಡಿಮೆ ಕೊಟ್ಟವರು ಐಸಿಯುನಿಂದ ಆಚೆ ಹೋಗಲು ತುಸು ಬೇಗನೇ ತಯಾರಾದರು.

ಇದಕ್ಕೆ ಕಾರಣ ಇದೆ. ಜೋರು ಕಾಯಿಲೆಯ ಮೊದಲ ದಿನಗಳಲ್ಲಿ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತೆ. ಹೊರಗಿನಿಂದ ಎಷ್ಟೇ ಸುರಿದರೂ ಆ ಕಾರ್ಖಾನೆ ನಿಲ್ಲೋದಿಲ್ಲ. ಒಳಗಿನದು ಹೊರಗಿನದು ಸೇರಿ ಸಕ್ಕರೆ ಏರುತ್ತೆ, ಇನ್ಸುಲಿನ್ ಏರುತ್ತೆ. ಪ್ರೋಟೀನ್ ಕಥೆಯೂ ಹಾಗೇ. ಜಾಸ್ತಿ ಕೊಟ್ಟರೆ ಸ್ನಾಯು ಉಳಿಯುತ್ತೆ ಅಂತ ನಾವೆಲ್ಲ ನಂಬಿದ್ದೆವು. 2023ರ ಎಫರ್ಟ್ ಟ್ರಯಲ್‌ನಲ್ಲಿ ಲಾಭ ಕಾಣಲಿಲ್ಲ, ಕಿಡ್ನಿ ಕೆಟ್ಟವರಿಗೆ ತೊಂದರೆಯೇ ಆಗಿರಬಹುದು ಅನ್ನುವ ಸುಳಿವು ಸಿಕ್ಕಿತು.

ಹಾಗಾಗಿ ಮೊದಲ ವಾರ ಕಡಿಮೆ ಕೊಡುವುದಕ್ಕೆ ನನ್ನದೇನೂ ಅಡ್ಡಿ ಇಲ್ಲ. ನನ್ನ ಜಗಳ ಬೇರೆ. ಆ ಟ್ರಯಲ್‌ಗಳಲ್ಲಿ ಎಷ್ಟು ಕೊಡಬೇಕು ಅಂತ ಮೊದಲೇ ತೀರ್ಮಾನವಾಗಿತ್ತು, ಅಷ್ಟು ಹೋಯಿತಾ ಅಂತ ನೋಡುತ್ತಿದ್ದರು. ನನ್ನ ಚಾರ್ಟ್‌ನ ಸೊನ್ನೆಗಳನ್ನು ಯಾರೂ ತೀರ್ಮಾನ ಮಾಡಿರಲಿಲ್ಲ. ಆ ಸೊನ್ನೆಗಳು ಎರಡನೇ ವಾರವೂ ಬರುತ್ತವೆ, ಮೂರನೇ ವಾರವೂ ಬರುತ್ತವೆ, ರೋಗಿ ಚೇತರಿಸಿಕೊಂಡು ನಿಜಕ್ಕೂ ಊಟ ಬೇಕಾದ ಹೊತ್ತಲ್ಲೂ ಬರುತ್ತವೆ. ತಮ್ಮ ಮರೆವಿಗೆ ಈಡನ್ ಹೆಸರು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ, ಮುಚ್ಚುಮರೆ ಏನಿಲ್ಲ.

ಫೀಡ್ ನಿಲ್ಲಿಸುವ ಇನ್ನೊಂದು ಹಳೇ ಅಭ್ಯಾಸ ಇದೆ. ಸಿರಿಂಜ್‌ನಲ್ಲಿ ಹೊಟ್ಟೆಯಿಂದ ಎಳೆದು ನೋಡೋದು. ನಾಲ್ಕು ಗಂಟೆಗೊಮ್ಮೆ ಎಳೆಯಬೇಕು, ಇಷ್ಟು ಮಿಲಿಲೀಟರ್ ಬಂದರೆ ಫೀಡ್ ಬಂದ್. ತಮಾಷೆ ನೋಡಿ, ನಾವು ಬಳಸುವ ಈ ಮೂಗಿನ ಪೈಪು, ಅಂದರೆ ರೈಲ್ಸ್ ಟ್ಯೂಬ್, ಹುಟ್ಟಿದ್ದೇ ಎಳೆಯೋಕೆ. 1921ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅದನ್ನು ವಿವರಿಸಿದ್ದು ಹೊಟ್ಟೆಯ ಆಮ್ಲ ತೆಗೆದು ಪರೀಕ್ಷೆ ಮಾಡಲಿಕ್ಕೆ. ಊಟ ಹಾಕೋದು ಆಮೇಲೆ ಬಂತು. ಎಳೆಯುವ ಚಟ ಮಾತ್ರ ಹೋಗಲಿಲ್ಲ.

ಹೊಟ್ಟೆ ತುಂಬಿದರೆ ಫೀಡ್ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ, ನ್ಯುಮೋನಿಯಾ ಆಗುತ್ತೆ ಅನ್ನೋದು ಭಯ. ಕೇಳೋಕೆ ಸರಿಯಾಗೇ ಇದೆ, ಅಲ್ವಾ? 2013ರಲ್ಲಿ ಫ್ರಾನ್ಸ್‌ನ ಒಂಬತ್ತು ಐಸಿಯುಗಳು ಸುಮಾರು 450 ರೋಗಿಗಳಲ್ಲಿ ಪರೀಕ್ಷೆ ಮಾಡಿ ನೋಡಿದವು. ಒಂದು ಗುಂಪಿಗೆ ಎಳೆದು ನೋಡುವುದನ್ನೇ ಬಿಟ್ಟರು, ವಾಂತಿ ಆದರೆ ಮಾತ್ರ ಕ್ರಮ. ನ್ಯುಮೋನಿಯಾ ಅವರಲ್ಲಿ ಶೇಕಡ 16.7, ಎಳೆದು ನೋಡಿದವರಲ್ಲಿ 15.8. ಹೆಚ್ಚುಕಡಿಮೆ ಒಂದೇ. ವಾಂತಿ ಜಾಸ್ತಿ ಆಯಿತು, ಅದನ್ನೂ ಹೇಳಬೇಕು. ಆದರೆ ಗುರಿ ಮುಟ್ಟುವಷ್ಟು ಫೀಡ್ ಸಿಕ್ಕಿದ್ದು ಎಳೆಯದೇ ಬಿಟ್ಟವರಲ್ಲೇ ಜಾಸ್ತಿ ಜನಕ್ಕೆ. ಅಮೆರಿಕದ 2016ರ ಮಾರ್ಗಸೂಚಿ ದಿನನಿತ್ಯ ಎಳೆದು ನೋಡೋದು ಬೇಡ ಎಂದಿತು. ನೋಡಲೇಬೇಕಾದರೂ ಬೇರೆ ತೊಂದರೆ ಇಲ್ಲದಿದ್ದರೆ 500 ಮಿಲಿಲೀಟರ್ ಒಳಗೆ ಬಂದಿದ್ದಕ್ಕೆಲ್ಲ ಫೀಡ್ ನಿಲ್ಲಿಸಬೇಡಿ ಎಂದಿತು. ಇಷ್ಟಾದರೂ 200 ಬಂತು ಅಂತ ಫೀಡ್ ಪಂಪ್ ಆಫ್ ಮಾಡುವವರು ಇದ್ದಾರೆ. ಹೊಟ್ಟೆ ಉಬ್ಬಿದೆಯಾ, ವಾಂತಿ ಆಗುತ್ತಿದೆಯಾ, ತಲೆಕಡೆ ಬೆಡ್ 30ರಿಂದ 45 ಡಿಗ್ರಿ ಎತ್ತಿದೆಯಾ ಅಂತ ನೋಡೋದು ಬಿಟ್ಟು ಸಿರಿಂಜ್ ಹಿಡಿದು ನಿಂತರೆ ಏನು ಪ್ರಯೋಜನ? ಫೀಡ್ ನಿಜಕ್ಕೂ ಮುಂದೆ ಹೋಗದಿದ್ದರೆ ಹೊಟ್ಟೆಯಲ್ಲಿರುವುದನ್ನು ಮುಂದೆ ತಳ್ಳುವ ಔಷಧಿಗಳಾದ ಮೆಟೊಕ್ಲೋಪ್ರಮೈಡ್, ಎರಿಥ್ರೊಮೈಸಿನ್ ಇವೆ. ಅದೂ ಕೆಲಸ ಮಾಡದಿದ್ದರೆ ಪೈಪನ್ನು ಸಣ್ಣ ಕರುಳಿಗೆ ಇಳಿಸಬಹುದು. ಎಲ್ಲರಿಗೂ ಮೊದಲ ದಿನವೇ ಕರುಳಿಗೇ ಇಳಿಸೋಣ ಅನ್ನುವುದರಲ್ಲಿ ನನಗೆ ಅರ್ಥ ಕಾಣೋದಿಲ್ಲ. ಪೈಪ್ ಇಳಿಸುವವರಿಗೆ ಕಾಯುತ್ತಾ ಕಾಯುತ್ತಾ ಇನ್ನೊಂದು ದಿನ ಉಪವಾಸ.

ನಿಲ್ಲಿಸಲೇಬೇಕಾದ ಸಂದರ್ಭ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಬಿಪಿ ಕುಸಿಯುತ್ತಾ, ಔಷಧಿ ಡೋಸ್ ಏರುತ್ತಲೇ ಇದ್ದರೆ ಕರುಳಿಗೇ ರಕ್ತ ಸಾಲದು. ಅಂಥ ಹೊತ್ತಲ್ಲಿ ಫೀಡ್ ತಳ್ಳಿದರೆ ಕರುಳು ಸಾಯಬಹುದು. 2018ರ ನ್ಯೂಟ್ರಿರಿಯಾ-2ರಲ್ಲಿ ಶಾಕ್‌ನಲ್ಲಿದ್ದವರಿಗೆ, ಅಂದರೆ ಹೀಗೆ ಬಿಪಿ ಕುಸಿದವರಿಗೆ, ಬೇಗ ಪೂರ್ತಿ ಫೀಡ್ ಕೊಟ್ಟಾಗ ಈ ತೊಂದರೆ ಜಾಸ್ತಿ ಕಂಡಿತು. ಪೈಪ್ ಸರಿಯಾದ ಜಾಗದಲ್ಲಿದೆ ಅಂತ ಗೊತ್ತಾಗುವ ತನಕ ಒಂದು ಹನಿಯೂ ಹಾಕಬಾರದು. ಗಾಳಿ ಊದಿ ಸ್ಟೆತಸ್ಕೋಪ್ ಇಟ್ಟು ಗುಳುಗುಳು ಸದ್ದು ಕೇಳೋದನ್ನು ನಂಬಬೇಡಿ. ಶ್ವಾಸಕೋಶಕ್ಕೆ ಹೋದ ಪೈಪಿನಿಂದಲೂ ಅದೇ ಸದ್ದು ಕೇಳಿಸುತ್ತೆ. ಎಕ್ಸ್‌ರೇ ಬೇಕು, ಇಲ್ಲವೇ ಎಳೆದ ದ್ರವದ ಪಿಎಚ್ (ಆಮ್ಲದ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬಹಳ ದಿನ ಉಪವಾಸ ಇದ್ದವರಿಗೆ ಫೀಡ್ ಶುರುವಾದ ಮೇಲೆ ರಕ್ತದಲ್ಲಿನ ಫಾಸ್ಫೇಟ್ ಅನ್ನುವ ಲವಣ ದಿಢೀರ್ ಇಳಿಯಬಹುದು, ಅಲ್ಲೂ ಕೆಲವು ದಿನ ಕೈ ಬಿಗಿ ಹಿಡಿಯಬೇಕು.

ಬೇಧಿ ಮಾತ್ರ ಈ ಸಾಲಿಗೆ ಸೇರೋದಿಲ್ಲ. ಬೇಧಿ ಆಯಿತು ಅಂದ ತಕ್ಷಣ ಫೀಡ್ ಮೇಲೆ ಗೂಬೆ ಕೂರಿಸುತ್ತಾರೆ. ಆಂಟಿಬಯೋಟಿಕ್ ಇದೆಯಾ, ಸಾರ್ಬಿಟಾಲ್ ಅನ್ನುವ ಸಿಹಿ ಪದಾರ್ಥ ಇರುವ ಸಿರಪ್ ಪೈಪಿನಲ್ಲಿ ಹೋಗುತ್ತಿದೆಯಾ, ಮೊದಲು ಅದನ್ನು ನೋಡಿ.

ಹಾಗಾದರೆ ಏನು ಮಾಡಬೇಕು? ಗಂಟೆಯ ಲೆಕ್ಕ ಬಿಟ್ಟು ದಿನದ ಲೆಕ್ಕ ಹಿಡಿಯಬೇಕು. ಗಂಟೆಗೆ 60 ಅಂದರೆ ದಿನಕ್ಕೆ 1440. ಎಂಟು ಗಂಟೆ ನಿಂತಿತಾ? ಉಳಿದ ಹದಿನಾರು ಗಂಟೆಗೆ ಹಂಚಿ, ಗಂಟೆಗೆ 90 ಆಗುತ್ತೆ. ಮೊದಲ ದಿನಗಳಲ್ಲಿ ದಿನದ ಗುರಿಯನ್ನೇ ಚಿಕ್ಕದಾಗಿ ಬರೆಯಿರಿ, ಪರವಾಗಿಲ್ಲ. ಯಾವ ವೇಗ ದಾಟಬಾರದು ಅಂತಲೂ ಮೊದಲೇ ಬರೆದಿಟ್ಟರೆ ನರ್ಸ್ ಡಾಕ್ಟರಿಗೆ ಕಾಯದೆ ತಾವೇ ಪಂಪ್ ಏರಿಸಬಹುದು. ಕೆನಡಾದಲ್ಲಿ ಈ ಪದ್ಧತಿ ಮಾಡಿ ನೋಡಿದ್ದಾರೆ, ರೋಗಿಗೆ ಸೇರುವ ಫೀಡ್ ಜಾಸ್ತಿ ಆಗುತ್ತೆ. ಅದರ ಜೊತೆಗೆ ಫೀಡ್ ನಿಲ್ಲಿಸುವವರು ಚಾರ್ಟ್‌ನಲ್ಲಿ ಕಾರಣ ಬರೆಯುವಾಗ ಮತ್ತೆ ಶುರು ಮಾಡುವ ಗಂಟೆಯನ್ನೂ ಅಲ್ಲೇ ಬರೆಯಬೇಕು. ಅದಿಲ್ಲದೆ ಸಹಿ ಇಲ್ಲ. ಇದಕ್ಕೆ ಹೊಸ ಮೆಷಿನ್ ಏನೂ ಬೇಡ.

ಮನೆಯವರಿಗೂ ಒಂದು ಮಾತು. ಊಟ ಕೊಡ್ತಿದ್ದೀರಾ ಅಂತ ಕೇಳಿದರೆ ಹೌದು ಅನ್ನುವ ಉತ್ತರ ಬರುತ್ತೆ, ಅಲ್ಲಿಗೆ ಮುಗಿಯಿತು. ನಿನ್ನೆ ಎಷ್ಟು ಹೋಗಬೇಕಿತ್ತು, ಎಷ್ಟು ಹೋಯಿತು ಅಂತ ಕೇಳಿ. ಜಗಳಕ್ಕಲ್ಲ, ಸುಮ್ನೆ ಕೇಳಿ. ಉತ್ತರ ಕೊಡೋಕೆ ಅವರು ಚಾರ್ಟ್ ತೆರೆಯಲೇಬೇಕಾಗುತ್ತೆ. ಇದೇ ಪ್ರಶ್ನೆ ಮೂಗಿನ ಪೈಪ್ ತೆಗೆಯುವ ದಿನವೂ ಬೇಕು. ವೆಂಟಿಲೇಟರ್ ಟ್ಯೂಬ್ ಆಚೆ ಬಂದ ಖುಷಿಯಲ್ಲಿ ಊಟದ ಪೈಪನ್ನೂ ಎಳೆದು ಬಿಸಾಡುತ್ತಾರೆ. ಗಂಟಲು ಇನ್ನೂ ಸರಿಯಾಗಿ ನುಂಗುತ್ತಿರೋದಿಲ್ಲ, ರುಚಿ ಇರೋದಿಲ್ಲ, ಚಮಚ ಎತ್ತುವ ಶಕ್ತಿ ಕೈಯಲ್ಲಿ ಇರೋದಿಲ್ಲ. ತಟ್ಟೆ ಹಾಗೇ ವಾಪಸ್ ಹೋಗುತ್ತೆ. ನುಂಗುವುದನ್ನು ಪರೀಕ್ಷೆ ಮಾಡಿ, ಬಾಯಲ್ಲಿ ಎಷ್ಟು ಹೋಗುತ್ತಿದೆ ಅಂತ ಒಂದೆರಡು ದಿನ ಅಳೆದು, ಆಮೇಲೆ ಪೈಪ್ ತೆಗೆದರೆ ಸಾಕು. ಅಲ್ಲಿಯ ತನಕ ಹಗಲು ಬಾಯಲ್ಲಿ, ರಾತ್ರಿ ಪಂಪಿನಲ್ಲಿ ಕೊಡಬಹುದು.