ಎಂಜಿನ್ ಇಲ್ಲದ ಗಾಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಶುರುವಾಗಿದೆ. ಮಕ್ಕಳನ್ನು ಬಿಡದಿಯ ಕಡೆಗೋ ಮೈಸೂರಿನ ಕಡೆಗೋ, ಯಾವುದಾದರೊಂದು ಮನೋರಂಜನಾ ಉದ್ಯಾನಕ್ಕೆ ಕರೆದುಕೊಂಡು ಹೋಗುವ ಮಾತು ಅನೇಕ ಮನೆಗಳಲ್ಲಿ ನಡೆಯುತ್ತಿರಬಹುದು. ಅಲ್ಲಿ ಮಕ್ಕಳು ಓಡುವುದು ರೋಲರ್ ಕೋಸ್ಟರ್‌ನ ಸಾಲಿಗೆ. ಅಪ್ಪ ಬ್ಯಾಗು ಹಿಡಿದು ಕೆಳಗೆ ನಿಲ್ಲುತ್ತಾರೆ, ಅಮ್ಮ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಯುತ್ತಾರೆ. ನನ್ನ ಇಂದಿನ ಮಾತು ಮುಖ್ಯವಾಗಿ ಹಾಗೆ ಕೆಳಗೆ ನಿಂತವರಿಗಾಗಿ.

ಮೂವತ್ತು ವರ್ಷ ಭೌತವಿಜ್ಞಾನ ಪಾಠ ಹೇಳಿದ್ದೇನೆ. ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು: 'ಸಾರ್, ಅಷ್ಟು ಜೋರಾಗಿ ಓಡಬೇಕಾದರೆ ಅದರ ಎಂಜಿನ್ ಎಷ್ಟು ದೊಡ್ಡದಿರಬೇಕು?' ಆ ಗಾಡಿಗೆ ಎಂಜಿನ್ನೇ ಇಲ್ಲ. ಪೆಟ್ರೋಲ್ ಇಲ್ಲ, ಚಾಲಕನೂ ಇಲ್ಲ. ಮೊದಲ ಏರಿನ ನೆತ್ತಿಯವರೆಗೆ ಒಂದು ಸರಪಳಿ ಅದನ್ನು ಎಳೆದೊಯ್ದು ಅಲ್ಲಿ ಕೈಬಿಡುತ್ತದೆ. ಆಮೇಲೆ ಅದರ ಹತ್ತಿರ ಇರುವುದು ಒಂದೇ ಬುತ್ತಿ. ಆ ಬುತ್ತಿಯ ಹೆಸರು ಎತ್ತರ. ಅದನ್ನೇ ಸ್ವಲ್ಪ ಸ್ವಲ್ಪ ಉಣ್ಣುತ್ತ ದಾರಿ ಮುಗಿಸಬೇಕು. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ, ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ನಾಗರ ಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಜೋಕಾಲಿಯನ್ನು ಹಿಂದಕ್ಕೆ ಎಳೆದು, ನೂಕದೆ ಸುಮ್ಮನೆ ಬಿಡಿ. ಕುಳಿತವರೂ ಕಾಲು ಬೀಸದಿದ್ದರೆ ಅದು ಹೊರಟ ಎತ್ತರಕ್ಕಿಂತ ಒಂದು ಅಂಗುಲವೂ ಮೇಲೆ ಹೋಗುವುದಿಲ್ಲ. ಪ್ರತಿ ಸಲವೂ ತುಸು ಕಡಿಮೆಯೇ ಏರುತ್ತದೆ. ಕೆಳಗೆ ಬರುವಾಗ ಎತ್ತರ ಕರಗಿ ವೇಗವಾಗುತ್ತದೆ, ಮೇಲೇರುವಾಗ ವೇಗ ಕರಗಿ ಮತ್ತೆ ಎತ್ತರವಾಗುತ್ತದೆ. ನಡುವೆ ಗಾಳಿಯೂ ಹಗ್ಗದ ಉಜ್ಜಾಟವೂ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ರೋಲರ್ ಕೋಸ್ಟರ್ ಕೂಡ ಹೀಗೆಯೇ. ಸರಪಳಿ ಎಳೆದೊಯ್ಯುವ ಮೊದಲ ಏರೇ ಅಲ್ಲಿ ಎಲ್ಲಕ್ಕಿಂತ ಎತ್ತರದ್ದು, ಮುಂದಿನವೆಲ್ಲ ಅದಕ್ಕಿಂತ ತಗ್ಗು. 20 ಮೀಟರ್ ಇಳಿದರೆ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ ಬರುತ್ತದೆ. ಅಷ್ಟೂ ಎತ್ತರದ ಬುತ್ತಿ.

ಈಗ ನನಗೆ ಬಹಳ ಪ್ರಿಯವಾದ ಒಂದು ಕಥೆ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾಕ್ ಚಂಕ್ ಎಂಬ ಊರಿತ್ತು. ಬೆಟ್ಟದ ಮೇಲೆ ಕಲ್ಲಿದ್ದಲ ಗಣಿ, ಕೆಳಗೆ ಲೀಹೈ ನದಿ. ಕಲ್ಲಿದ್ದಲು ನದಿಗೆ ಬಂದರೆ ದೋಣಿಯಲ್ಲಿ ಪೇಟೆಗೆ ಹೋಗುತ್ತದೆ. ಗಣಿಯಿಂದ ನದಿಗೆ ಸುಮಾರು 14 ಕಿಲೋಮೀಟರ್. 1827ರಲ್ಲಿ ಆ ಇಳಿಜಾರಿನುದ್ದಕ್ಕೂ ಹಳಿ ಹಾಸಿದರು. ತುಂಬಿದ ಬಂಡಿಗಳನ್ನು ಮೇಲಿನಿಂದ ಬಿಟ್ಟರೆ ಸಾಕು, ಬ್ರೇಕು ಹಿಡಿಯಲು ಒಬ್ಬ ಆಳು ಇದ್ದರೆ ಅವು ತಾವಾಗಿ ಉರುಳಿಕೊಂಡು ಅರ್ಧ ಗಂಟೆಯಲ್ಲಿ ಕೆಳಗೆ ಬರುತ್ತಿದ್ದವು. ಆದರೆ ಖಾಲಿ ಬಂಡಿಗಳು ಮೇಲೆ ಹೋಗಬೇಕಲ್ಲ? ಅದಕ್ಕೆ ಹೇಸರಗತ್ತೆಗಳನ್ನು ಕಟ್ಟುತ್ತಿದ್ದರು. ಅವು ಮೂರು ನಾಲ್ಕು ಗಂಟೆ ಏದುಸಿರು ಬಿಡುತ್ತ ಬಂಡಿಗಳನ್ನು ಎಳೆದು ಮೇಲೆ ತಲುಪಿಸುತ್ತಿದ್ದವು.

ಮೇಲೆ ಹೋದ ಹೇಸರಗತ್ತೆಗಳು ಮುಂದಿನ ಸರದಿಗೆ ಕೆಳಗೆ ಬರಬೇಕು. ನಡೆಸಿಕೊಂಡು ಬಂದರೆ ಹೊತ್ತು ಹಾಳು. ಆದ್ದರಿಂದ ಕಲ್ಲಿದ್ದಲ ಬಂಡಿಗಳ ಸಾಲಿಗೇ ಹೇಸರಗತ್ತೆಗಳ ಬಂಡಿಗಳನ್ನೂ ಸೇರಿಸಿ, ಅವುಗಳನ್ನು ಅದರಲ್ಲಿ ನಿಲ್ಲಿಸಿ ಕೆಳಗೆ ಬಿಟ್ಟರು. ಕಿವಿಗೆ ಗಾಳಿ ಬಡಿಯುತ್ತ, ಬೆಟ್ಟದ ಕಾಡು ಹಿಂದಕ್ಕೆ ಸರಿಯುತ್ತ, ಬಂಡಿಯಲ್ಲಿ ನಿಂತು ಬೆಟ್ಟ ಇಳಿಯುವ ಹೇಸರಗತ್ತೆಗಳನ್ನು ಕಲ್ಪಿಸಿಕೊಳ್ಳಿ! ಒಮ್ಮೆ ಆ ಸವಾರಿಯ ರುಚಿ ಹತ್ತಿದ ಮೇಲೆ ಅವು ಎಷ್ಟು ಹೊಡೆದರೂ ಬಡಿದರೂ ಆ ದಾರಿಯಲ್ಲಿ ನಡೆದು ಇಳಿಯಲು ಒಪ್ಪುತ್ತಿರಲಿಲ್ಲವಂತೆ. ಈ ಕಥೆಯನ್ನು ನಾನು ತರಗತಿಯಲ್ಲಿ ನೂರಾರು ಸಲ ಹೇಳಿದ್ದೇನೆ, ಇಂದಿಗೂ ಹೇಳುವಾಗ ಖುಷಿಯಾಗುತ್ತದೆ. ಅಲ್ಲಿ ನಡೆದದ್ದಾದರೂ ಏನು? ಹೇಸರಗತ್ತೆಯ ಬೆವರೇ ಬಂಡಿಗೆ ಎತ್ತರವಾಯಿತು. ಆ ಎತ್ತರವೇ ಇಳಿಯುವಾಗ ಓಟವಾಯಿತು. ಇಂದು ಹೇಸರಗತ್ತೆಯ ಜಾಗದಲ್ಲಿ ವಿದ್ಯುತ್ ಮೋಟಾರು ಮತ್ತು ಸರಪಳಿ ಇವೆ, ಅಷ್ಟೇ ವ್ಯತ್ಯಾಸ.

ಮುಂದೆ ಜನರೂ ಆ ಹಳಿಯ ಮೇಲೆ ಮೋಜಿಗಾಗಿ ಸವಾರಿ ಮಾಡತೊಡಗಿದರು. ಕಲ್ಲಿದ್ದಲಿಗೆ 1872ರಲ್ಲಿ ಬೇರೆ ದಾರಿಯಾದ ಮೇಲೆ ಆ ಹಳಿ ಪೂರ್ತಿಯಾಗಿ ಪ್ರವಾಸಿಗರ ಪಾಲಾಯಿತು, 1933ರವರೆಗೂ ಓಡಿತು. ಲಾಮಾರ್ಕಸ್ ಥಾಂಪ್ಸನ್ ಎಂಬವರು 1884ರಲ್ಲಿ ನ್ಯೂಯಾರ್ಕ್‌ನ ಕೋನಿ ದ್ವೀಪದಲ್ಲಿ ಇಂಥದ್ದೇ ಒಂದನ್ನು ಮರದಲ್ಲಿ ಕಟ್ಟಿ ಐದು ಸೆಂಟಿಗೆ ಒಂದು ಸವಾರಿ ಕೊಟ್ಟರು. ವೇಗ ಗಂಟೆಗೆ ಹತ್ತೇ ಕಿಲೋಮೀಟರ್, ಸೈಕಲ್ ಸವಾರನೂ ಅದನ್ನು ಹಿಂದೆ ಹಾಕಬಹುದಿತ್ತು. ಆದರೂ ಜನ ಸಾಲುಗಟ್ಟಿ ನಿಂತರು.

ಕಥೆಗೇ ಹೆಚ್ಚು ಹೊತ್ತು ಹಿಡಿಯಿತು. ಇನ್ನು ಹತ್ತುವವರ ಪ್ರಶ್ನೆಗಳಿಗೆ ಬೇಗ ಬೇಗ ಬರುತ್ತೇನೆ.

ಕರೆಂಟ್ ಹೋದರೆ ಗತಿ ಏನು? ಕೆಳಗೆ ನಿಂತ ಅಪ್ಪಂದಿರ ದೊಡ್ಡ ಚಿಂತೆ ಇದು. ನೆತ್ತಿ ದಾಟಿದ ಗಾಡಿಗೆ ಕರೆಂಟೇ ಬೇಡ, ಬುತ್ತಿ ಅದರ ಹತ್ತಿರವೇ ಇದೆ. ಏರಿನಲ್ಲಿರುವಾಗ ಕರೆಂಟ್ ಹೋದರೆ ಸರಪಳಿ ನಿಲ್ಲುತ್ತದೆ, ಗಾಡಿಯೂ ಇದ್ದಲ್ಲೇ ನಿಲ್ಲುತ್ತದೆ. ಏರುವಾಗ ಟಕ್ ಟಕ್ ಎಂಬ ಸದ್ದು ಕೇಳಿದ್ದೀರಲ್ಲ, ಗಾಡಿಯ ಅಡಿಯ ಕಬ್ಬಿಣದ ಕೊಕ್ಕೆ ಹಳಿಯ ನಡುವಿನ ಹಲ್ಲುಗಳನ್ನು ಒಂದೊಂದಾಗಿ ದಾಟುವ ಸದ್ದು ಅದು. ಹಿಂದೆ ಜಾರಿದರೆ ಕೊಕ್ಕೆ ಆ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಎಷ್ಟೋ ಜನ ಆ ಸದ್ದಿಗೆ ಹೆದರುತ್ತಾರೆ. ನಿಮ್ಮನ್ನು ಕಾಯುವ ಸದ್ದಿಗೆ ಹೆದರಬೇಡಿ.

ಗಾಡಿ ಹಳಿ ಬಿಟ್ಟು ಹಾರುವುದಿಲ್ಲವೇ? ಚಕ್ರಗಳು ಹಳಿಯ ಮೇಲೆ ಮಾತ್ರ ಇವೆ ಎಂದುಕೊಂಡವರ ಪ್ರಶ್ನೆ ಇದು. ಹಳಿಯ ಪಕ್ಕಕ್ಕೂ ಚಕ್ರಗಳಿವೆ, ಅಡಿಗೂ ಇವೆ. ಅಡಿಯ ಚಕ್ರಕ್ಕೆ ಜಾನ್ ಮಿಲ್ಲರ್ ಎಂಬ ಎಂಜಿನಿಯರ್ 1919ರಲ್ಲಿ ಪೇಟೆಂಟ್ ಪಡೆದರು. ಅಂದಿನಿಂದ ಗಾಡಿ ಹಳಿಯನ್ನು ಮೂರು ಕಡೆಯಿಂದ ಅಪ್ಪಿಕೊಂಡಿದೆ.

ಹೊಟ್ಟೆಯೊಳಗೆ ಝಲ್ಲೆನ್ನುವುದೇಕೆ? ನಿಮ್ಮ ಭಾರ ನಿಮಗೆ ತಿಳಿಯುವುದು ಸೀಟು ನಿಮ್ಮನ್ನು ಮೇಲಕ್ಕೆ ಒತ್ತುವುದರಿಂದ. ನೆತ್ತಿ ದಾಟಿ ಬೀಳುವಾಗ ಸೀಟೂ ನೀವೂ ಒಟ್ಟಿಗೆ ಬೀಳುತ್ತೀರಿ, ಆ ಒತ್ತು ಇಲ್ಲವಾಗುತ್ತದೆ. ಹೊಟ್ಟೆಯೊಳಗಿನ ಅಂಗಗಳಿಗೂ ಅದೇ ಗತಿ. ಬಸ್ಸು ರಸ್ತೆಯ ಉಬ್ಬನ್ನು ಜೋರಾಗಿ ದಾಟಿದಾಗ ಆಗುವುದೂ ಇದೇ. ಈ ಅನುಭವ ಹೆಚ್ಚು ಬೇಕೆನ್ನುವವರು ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳಿ. ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಿರುವುದರಿಂದ ಅವು ನಿಮ್ಮನ್ನು ನೆತ್ತಿಯ ಆಚೆಗೆ ರಭಸವಾಗಿ ಎಳೆಯುತ್ತವೆ. ಮುಂದೆ ಕುಳಿತವರು ನೆತ್ತಿಯನ್ನು ನಿಧಾನವಾಗಿ ದಾಟುತ್ತಾರೆ.

ತಲೆಕೆಳಗಾಗುವ ಸುತ್ತು? ನೀರು ತುಂಬಿದ ಚೆಂಬನ್ನು ಹಗ್ಗಕ್ಕೆ ಕಟ್ಟಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ಅದೇ ತತ್ವ. ಕೋನಿ ದ್ವೀಪದಲ್ಲಿ 1895ರಲ್ಲಿ ಸುತ್ತನ್ನು ಬಳೆಯಂತೆ ಪೂರ್ತಿ ಗುಂಡಗೆ ಕಟ್ಟಿದರು. ಅದೇ ತಪ್ಪಾಯಿತು. ಗುಂಡನೆಯ ಸುತ್ತಿನಲ್ಲಿ ನೆತ್ತಿ ದಾಟುವಷ್ಟು ವೇಗ ಇರಬೇಕಾದರೆ, ಕೆಳಗೆ ಪ್ರವೇಶಿಸುವಾಗ ನಿಮ್ಮ ಭಾರ ಕನಿಷ್ಠ ಆರು ಪಟ್ಟಾಗುತ್ತದೆ. ಜನರ ಕುತ್ತಿಗೆಗಳು ನೋಯತೊಡಗಿದವು. ಸುಲಭವಾದ ದಾರಿ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಕಂಡಿತು. ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್ ಮತ್ತು ವರ್ನರ್ ಸ್ಟೆಂಗೆಲ್ ಸುತ್ತಿಗೆ ನೀರಹನಿಯ ಆಕಾರ ಕೊಟ್ಟರು, ಕೆಳಗೆ ಅಗಲ, ಮೇಲೆ ಕಿರಿದು. ಇಂದು ನೀವು ನೋಡುವ ಸುತ್ತುಗಳೂ ಗುಂಡಗಿಲ್ಲ, ಗಮನಿಸಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗಾಡಿಯಲ್ಲಿ ಮೊಬೈಲ್ ಹೊರಗೆ ತೆಗೆಯಬೇಡಿ. ಗಾಡಿ ತಿರುಗಿದಾಗ ಕೈಜಾರಿದ ಮೊಬೈಲ್ ತಿರುಗುವುದಿಲ್ಲ, ನೇರವಾಗಿ ಹೋಗುತ್ತದೆ. 70 ಕಿಲೋಮೀಟರ್ ವೇಗದ ಆ ಕಲ್ಲು ಯಾರ ಹಣೆಗೆ ಬೀಳುತ್ತದೋ ಹೇಳಲಾಗದು. ಎತ್ತರದ ಮಿತಿ ಹಾಕಿದ ಫಲಕದ ಮುಂದೆ ಪುಟ್ಟ ಮಗುವನ್ನು ತುದಿಗಾಲಿನಲ್ಲಿ ನಿಲ್ಲಿಸಲೂ ಬೇಡಿ. ಸೀಟಿನ ಪಟ್ಟಿ ಅಷ್ಟು ಚಿಕ್ಕ ಮೈಗೆ ಹೊಂದುವುದಿಲ್ಲ.

ಕೊನೆಗೆ ಗಾಡಿ ನಿಲ್ಲುವುದು ಹೇಗೆ? ದಾರಿ ಮುಗಿದಾಗಲೂ ಬುತ್ತಿಯಲ್ಲಿ ಸ್ವಲ್ಪ ಉಳಿದಿರುತ್ತದೆ. ಈಗಿನ ಅನೇಕ ಕಡೆ ಹಳಿಯ ಪಕ್ಕದಲ್ಲಿ ಬಲವಾದ ಅಯಸ್ಕಾಂತಗಳ ಸಾಲಿರುತ್ತದೆ. ಗಾಡಿಯ ಅಡಿಯ ಲೋಹದ ತಗಡು ಅವುಗಳ ನಡುವೆ ಹಾಯುತ್ತದೆ. ಒಂದನ್ನೊಂದು ಮುಟ್ಟುವುದಿಲ್ಲ, ಕರೆಂಟೂ ಬೇಡ. ತಗಡು ಎಷ್ಟು ಜೋರಾಗಿ ಬಂದರೆ ಅಷ್ಟು ಬಲವಾಗಿ ತಡೆ. ಉಳಿದ ಬುತ್ತಿಯ ಬಹುಪಾಲು ಆ ತಗಡಿನಲ್ಲಿ ಬಿಸಿಯಾಗಿ ಸೇರುತ್ತದೆ, ಮಕ್ಕಳು ನಗುತ್ತ ಇಳಿದು ಮತ್ತೆ ಸಾಲಿನ ಹಿಂದಕ್ಕೆ ಓಡುವ ಹೊತ್ತಿಗೆ ಅದೂ ಗಾಳಿಗೆ ಆರುತ್ತಿರುತ್ತದೆ.

ನಮಸ್ಕಾರ.