ಪರೀಕ್ಷೆಗೆ ಸಿಗದ ಕ್ಲಮೀಡಿಯಾ

ಕೇಳುಗರಿಗೆ ನಮಸ್ಕಾರ.

ಕಾಯಿಲೆಯ ಲೆಕ್ಕ ಇಳಿದರೆ ಯಾರಿಗಾದರೂ ಸಮಾಧಾನವೇ. ಆದರೆ 2006ರಲ್ಲಿ ಸ್ವೀಡನ್ನಿನ ನೈಋತ್ಯ ಕರಾವಳಿಯ ಹಾಲಂಡ್ ಪ್ರಾಂತ್ಯದ ವೈದ್ಯರಿಗೆ ಅದೇ ಇಳಿಕೆ ಅನುಮಾನ ಹುಟ್ಟಿಸಿತು. ಕ್ಲಮೀಡಿಯಾ ಪ್ರಕರಣಗಳು ಕೆಲವೇ ತಿಂಗಳಲ್ಲಿ ಸುಮಾರು ಕಾಲುಭಾಗ ಕಡಿಮೆಯಾಗಿದ್ದವು. ಅಷ್ಟು ಇಳಿಯಲು ಕಾರಣವೇ ಕಾಣುತ್ತಿರಲಿಲ್ಲ.

ಕ್ಲಮೀಡಿಯಾ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು. ಬಹುಪಾಲು ಹೆಂಗಸರಲ್ಲಿ ಉರಿಯಿಲ್ಲ, ನೋವಿಲ್ಲ, ಯಾವ ಲಕ್ಷಣವೂ ಇಲ್ಲ. ಒಳಗೊಳಗೇ ಗರ್ಭನಾಳ ಕೆಡಿಸಿ, ಮುಂದೆ ಮಕ್ಕಳಾಗದಂತೆ ಮಾಡಬಲ್ಲದು. ಹಾಗಾಗಿ ಇಲ್ಲಿ ಪರೀಕ್ಷೆಯ ವರದಿಯೇ ಆಧಾರ.

ಪ್ರಯೋಗಾಲಯದವರು ಮಾದರಿಗಳನ್ನು ಬೇರೊಂದು ವಿಧಾನದಿಂದ ನೋಡಿದರು. ಮೊದಲ ಪರೀಕ್ಷೆ ‘ಸೋಂಕಿಲ್ಲ’ ಎಂದಿದ್ದ ಕೆಲವರಲ್ಲಿ ಸೋಂಕು ಇತ್ತು! ಆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿದಾಗ ವಿಷಯ ಬಯಲಾಯಿತು. ಕ್ಲಮೀಡಿಯಾದಲ್ಲಿ ಮುಖ್ಯ ಡಿಎನ್‌ಎ ಜೊತೆಗೆ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರವೊಂದಿದೆ, ಸುಮಾರು 7,500 ಅಕ್ಷರಗಳದ್ದು. ಅದರಲ್ಲಿ 377 ಅಕ್ಷರಗಳು ಅಳಿಸಿಹೋಗಿದ್ದವು. ಆಗ ಹೆಚ್ಚು ಬಳಕೆಯಲ್ಲಿದ್ದ ಎರಡು ಕಂಪನಿಗಳ ಪರೀಕ್ಷೆಗಳು ಹುಡುಕುತ್ತಿದ್ದುದು ಸರಿಯಾಗಿ ಆ ತುಣುಕನ್ನೇ. ಕೆನ್ನೆಯ ಮಚ್ಚೆಯೊಂದನ್ನೇ ನಂಬಿ ಕಳ್ಳನನ್ನು ಹುಡುಕುವ ಕಾವಲುಗಾರನ ಮುಂದೆ ಮಚ್ಚೆಯಿಲ್ಲದ ಕಳ್ಳ ನಡೆದುಹೋದಂತಾಯಿತು.

ಆ ಪರೀಕ್ಷೆಗಳನ್ನು ಬಳಸುತ್ತಿದ್ದ ಕೆಲವು ಪ್ರಾಂತ್ಯಗಳಲ್ಲಿ ಅರ್ಧಕ್ಕೂ ಹೆಚ್ಚು ಪ್ರಕರಣಗಳು ಈ ಹೊಸ ತಳಿಯವೇ ಆಗಿದ್ದವು. ಬೇರೆ ಪರೀಕ್ಷೆ ಬಳಸುತ್ತಿದ್ದ ಕಡೆ ಅದರ ಪಾಲು ಇದಕ್ಕಿಂತ ಕಡಿಮೆ. ಮುಂದೆ ಈ ತಳಿಯ ಹತ್ತು ಲಕ್ಷಕ್ಕೂ ಹೆಚ್ಚಿನ ಅಕ್ಷರಗಳನ್ನು ಪೂರ್ತಿ ಓದಿದಾಗ, ಉಳಿದೆಲ್ಲ ವಿಷಯದಲ್ಲಿ ಅದು ಹಳೆಯ ತಳಿಯಂತೆಯೇ ಕಂಡಿತು. ಅದಕ್ಕೆ ವಿಶೇಷ ಬಲವೇನೂ ಇರಲಿಲ್ಲ. ಪತ್ತೆಯಾಗದವರಿಗೆ ಔಷಧ ಸಿಗಲಿಲ್ಲ, ಔಷಧ ಸಿಗದವರಿಂದ ಅದು ಹರಡಿತು, ಅಷ್ಟೇ. ಪರೀಕ್ಷೆ ಸರಿಪಡಿಸಿದ ಮೇಲೆ ವರ್ಷ ಕಳೆದಂತೆ ಅದರ ಪಾಲು ಇಳಿಯಿತು. ಕಾಯಿಲೆ ಬಂದವರನ್ನೇ ಬೈಯುವ ನಮ್ಮ ಅಭ್ಯಾಸದ ಎದುರು ಈ ಸಂಗತಿಯನ್ನು ನಾನು ಒತ್ತಿ ಹೇಳಬಯಸುತ್ತೇನೆ. ಇವರಲ್ಲಿ ಎಷ್ಟೋ ಮಂದಿ ತಾವಾಗಿಯೇ ಬಂದು ಪರೀಕ್ಷೆ ಮಾಡಿಸಿಕೊಂಡವರು.

2019ರಲ್ಲಿ ಫಿನ್ಲೆಂಡಿನಲ್ಲಿ ಮತ್ತೊಂದು ತಳಿ ಹೀಗೆಯೇ ಇನ್ನೊಂದು ಪರೀಕ್ಷೆಯ ಕಣ್ಣು ತಪ್ಪಿಸಿತು. ಈ ಸಲ ಬದಲಾಗಿದ್ದದ್ದು ಒಂದೇ ಒಂದು ಅಕ್ಷರ.

ಡಿಎನ್‌ಎಯ ಈ ಓದು ಸುಲಭದ್ದಲ್ಲ. ಕ್ಲಮೀಡಿಯಾ ಬೆಳೆಯುವುದು ಜೀವಂತ ಕೋಶದೊಳಗೆ ಮಾತ್ರ. ರೋಗಿಯಿಂದ ತೆಗೆದ ಮಾದರಿಯಲ್ಲಿ ಮನುಷ್ಯರ ಡಿಎನ್‌ಎಯೇ ತುಂಬಿರುತ್ತದೆ. ಕ್ಲಮೀಡಿಯಾದ ಡಿಎನ್‌ಎಗೆ ಮಾತ್ರ ಅಂಟಿಕೊಳ್ಳುವ ತುಣುಕುಗಳನ್ನು ಮಾದರಿಗೆ ಸೇರಿಸಿ, ಅವುಗಳಿಂದ ಅದನ್ನು ಹೆಕ್ಕಿ ತೆಗೆಯಬೇಕು.

ಗೊನೋರಿಯಾ ಕೂಡ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕೇ. ಅದರಲ್ಲಿ ಆತಂಕ ಬೇರೆ ಬಗೆಯದು, ಅಲ್ಲಿ ಔಷಧವೇ ಸೋಲುತ್ತಿದೆ. 2015ರಲ್ಲಿ ಜಪಾನಿನಲ್ಲಿ ಸಿಕ್ಕ ಒಂದು ತಳಿ ಅದಕ್ಕೆ ಕೊಡುವ ಮುಖ್ಯ ಔಷಧವಾದ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗಲಿಲ್ಲ. 2017ರ ಹೊತ್ತಿಗೆ ಅದರ ಹತ್ತಿರದ ಸಂಬಂಧಿಗಳು ಡೆನ್ಮಾರ್ಕ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಂಡವು. ಬೇರೆ ಬೇರೆ ದೇಶದ ರೋಗಿಗಳಲ್ಲಿರುವುದು ಒಂದೇ ವಂಶದ ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟದ್ದು ಈ ಡಿಎನ್‌ಎ ಓದೇ.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಲಕ್ಷಣ ನೋಡಿಯೇ ಔಷಧ ಕೊಡುತ್ತಾರೆ. ಬಂದವರಿಗೆ ಅಂದೇ ಚಿಕಿತ್ಸೆ ಸಿಗುವುದರಿಂದ ಇದು ಒಳ್ಳೆಯ ಕ್ರಮ, ಬಿಡಬಾರದು. ಆದರೆ ಔಷಧ ತೆಗೆದುಕೊಂಡೂ ಗುಣವಾಗದೆ ಮತ್ತೆ ಬಂದವರ ಮಾದರಿಯನ್ನಾದರೂ ಪ್ರಯೋಗಾಲಯಕ್ಕೆ ಕಳುಹಿಸಿ, ಬ್ಯಾಕ್ಟೀರಿಯಾ ಬೆಳೆಸಿ, ಅದರ ಡಿಎನ್‌ಎ ಓದಿಸಬೇಕು. ಮತ್ತೆ ಬರಲು ಆ ರೋಗಿ ಅಂಜದಂತೆ ಮೊದಲ ದಿನವೇ ಅವರೊಡನೆ ಗೌರವದಿಂದ ಮಾತಾಡಿರಬೇಕು.